14 ವರ್ಷದ ಬೆಕ್ಕಿಗೆ ಇದ್ದಕ್ಕಿದ್ದಂತೆ ಕಣ್ಣು ಕಾಣಿಸುತ್ತಿಲ್ಲ, ಏನು ಮಾಡಬೇಕು?

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು)

ನಮ್ಮ ಮನೆಯ ಬೆಕ್ಕು ಬೆಳ್ಳಿಗೆ ಈಗ 14 ವರ್ಷ ತುಂಬಿದೆ. ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲಿನ ನಡುವೆ ಹುಟ್ಟಿ, ಇಷ್ಟು ವರ್ಷ ಒಂದು ದಿನವೂ ಡಾಕ್ಟರ ಮುಖ ನೋಡದೆ ಬದುಕಿದ ಪ್ರಾಣಿ ಅದು. ಮೊನ್ನೆ ಸೋಮವಾರ ಬೆಳಿಗ್ಗೆ ಬಚ್ಚಲೊಲೆಯ ಪಕ್ಕದಿಂದ ಎದ್ದು ಬಂದದ್ದು, ದಿನವೂ ಹತ್ತುವ ಅಡುಗೆಮನೆಯ ಮೆಟ್ಟಿಲಿಗೆ ಮುಖ ಬಡಿಸಿಕೊಂಡಿತು. ನಿದ್ದೆಗಣ್ಣಿರಬೇಕೆಂದು ನಾವು ನಕ್ಕೆವು. ಮಧ್ಯಾಹ್ನದ ಹೊತ್ತಿಗೆ ಅದು ಗೋಡೆಗೆ ಮೈ ತಾಗಿಸಿಕೊಂಡೇ ನಡೆಯುತ್ತಿರುವುದನ್ನು, ಹಾಲಿನ ಬಟ್ಟಲು ಎದುರಿಗಿದ್ದರೂ ಮೂಗಿನಿಂದ ಹುಡುಕುತ್ತಿರುವುದನ್ನು ಕಂಡಾಗ ನಗು ನಿಂತುಹೋಯಿತು.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅಂಗಳದ ಬಿಸಿಲಿಗೆ ಎತ್ತಿಕೊಂಡು ಹೋಗಿ ನೋಡಿದೆ. ಬೆಳಕಿಗೆ ಗೆರೆಯಷ್ಟಾಗಬೇಕಾಗಿದ್ದ ಪಾಪೆಗಳು ಎರಡೂ ಕಣ್ಣಿನಲ್ಲಿ ನೇರಳೆ ಹಣ್ಣಿನಂತೆ ದುಂಡಗೆ, ಕಪ್ಪಗೆ, ಅಗಲವಾಗಿಯೇ ಉಳಿದಿದ್ದವು. ಎಡಗಣ್ಣಿನ ಒಳಗೆ, ತಳಭಾಗದಲ್ಲಿ, ಕುಂಕುಮದ ನೀರು ನಿಂತ ಹಾಗೆ ತೆಳುವಾದ ಕೆಂಪು ಪದರವೊಂದು ಕಾಣುತ್ತಿದೆ. ನೀರು ಸುರಿಯುವುದಿಲ್ಲ, ಪಿಸುರು ಕಟ್ಟಿಲ್ಲ, ಕಣ್ಣು ಕಿರಿದು ಮಾಡಿಕೊಂಡು ಕೂರುವುದೂ ಇಲ್ಲ.

ಹಿಂದಿನ ವಾರ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಿದ್ದೆವು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಕಣ್ಣಿಗೆ ಸಿಡಿದಿರಬಹುದೇ ಎಂಬುದು ನನ್ನ ಅನುಮಾನ. ವಯಸ್ಸಾದ್ದರಿಂದ ಪೊರೆ ಬಂದಿದೆ, ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ಬಿಟ್ಟರೆ ಸರಿಹೋಗುತ್ತದೆ ಎಂಬುದು ಅತ್ತೆಯವರ ಅಭಿಪ್ರಾಯ. ಮಾವನವರ ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದ ಹನಿ ಔಷಧಿಯ ಸೀಸೆಯೂ ಫ್ರಿಜ್ಜಿನಲ್ಲಿ ಅರ್ಧ ಉಳಿದಿದೆ. ಇವುಗಳಲ್ಲಿ ಯಾವುದನ್ನಾದರೂ ಹಾಕಬಹುದೇ, ಅಥವಾ ಈ ವಯಸ್ಸಿನ ಬೆಕ್ಕಿಗೆ ಇದು ಸಹಜವೆಂದು ಸುಮ್ಮನಿರಬೇಕೇ, ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಂಬಂಧವಿದೆಯೋ ಇಲ್ಲವೋ ತಿಳಿಯದು, ಆದರೆ ನಾಲ್ಕೈದು ತಿಂಗಳಿನಿಂದ ಅದು ನೀರು ಕುಡಿಯುವುದು ವಿಪರೀತವಾಗಿದೆ. ತುಳಸಿಕಟ್ಟೆಯ ಚೊಂಬು, ದನಗಳ ಬಾನಿ, ಬಚ್ಚಲ ಹಂಡೆಯಿಂದ ತೊಟ್ಟಿಕ್ಕುವ ನೀರು, ಯಾವುದನ್ನೂ ಬಿಡುವುದಿಲ್ಲ. ಬೆನ್ನಿನ ಮೂಳೆ ಕೈಗೆ ಸಿಗುವಷ್ಟು ಸೊರಗಿದೆ.

ಸಾಗರದಾಕೆ

ದಯವಿಟ್ಟು ಏನನ್ನೂ ಹಾಕಬೇಡಿ, ನಾಳೆಯೇ ಹೊರಡಿ. ನೀವು ಬರೆದಿರುವ ಒಂದೊಂದು ವಾಕ್ಯವೂ ಮೂರು ವರ್ಷದ ಹಿಂದಿನ ನಮ್ಮ ಮನೆಯ ಕಥೆಯೇ ಆಗಿದೆ.

ನಮ್ಮ ಕರಿಯನಿಗೆ ಆಗ 13 ವರ್ಷ. ಪಾಪೆ ಹೀಗೆಯೇ ಹಿಗ್ಗಿ ನಿಂತಿತ್ತು. ನಾನೂ ನಂದಿಬಟ್ಟಲ ನೀರನ್ನು ನಾಲ್ಕು ದಿನ ಬಿಟ್ಟೆ, ಆಮೇಲೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ. ಅಲ್ಲಿ ಟಾರ್ಚು ಬಿಟ್ಟು ನೋಡಿ, ವಯಸ್ಸಾಗಿದೆ, ಇನ್ನೇನೂ ಮಾಡುವಂತಿಲ್ಲ ಎಂದು ವಿಟಮಿನ್ ಸಿರಪ್ ಬರೆದುಕೊಟ್ಟರು. ಸಮಾಧಾನವಾಗದೆ ಮತ್ತೆ ಹತ್ತು ದಿನ ಕಳೆದ ಮೇಲೆ ಬೇರೆ ಡಾಕ್ಟರಲ್ಲಿಗೆ ಹೋದಾಗ ಅವರು ಕಣ್ಣನ್ನು ನೋಡುವ ಮೊದಲೇ ಮುಂಗಾಲಿಗೆ ಪುಟ್ಟದೊಂದು ಪಟ್ಟಿ ಸುತ್ತಿ ಬಿಪಿ ನೋಡಿದರು. ಬೆಕ್ಕಿಗೂ ಬಿಪಿ ಇರುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಮೂತ್ರಪಿಂಡ ಕೆಟ್ಟು, ಒತ್ತಡ ಏರಿ, ಎರಡೂ ಕಣ್ಣಿನ ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳು ಪರದೆ, ಕಳಚಿಕೊಂಡಿತ್ತು. ಮಾತ್ರೆ ಕೊಟ್ಟ ಮೇಲೆ ಕರಿಯ ಎರಡು ವರ್ಷ ಚೆನ್ನಾಗಿಯೇ ಬದುಕಿದ, ಆದರೆ ದೃಷ್ಟಿ ಮರಳಲಿಲ್ಲ. ಆ ಹದಿನಾಲ್ಕು ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಪ್ಪದ ಕೃಷಿಕ

ಮೇಲಿನವರ ಕಳಕಳಿಯನ್ನು ಅಲ್ಲಗಳೆಯುವುದಿಲ್ಲ. ಆದರೂ ಹುಟ್ಟಿದಾಗಿನಿಂದ ವಾಹನ ಹತ್ತದ ಮುದಿ ಬೆಕ್ಕನ್ನು ಈ ಮಳೆಯಲ್ಲಿ ಶಿವಮೊಗ್ಗದವರೆಗೆ 60 ಕಿಲೋಮೀಟರು ಒಯ್ಯುವುದೇ ಅದಕ್ಕೆ ಹೆಚ್ಚಿನ ಹಿಂಸೆಯಲ್ಲವೇ? ನಮ್ಮ ಹಿರಿಯರ ಕಾಲದಲ್ಲಿ ಕುರುಡು ಬೆಕ್ಕುಗಳೂ ಒಲೆಯ ಬುಡದಲ್ಲಿ ಅನ್ನ ತಿಂದುಕೊಂಡು ಇರುತ್ತಿದ್ದವು.

ನಿವೃತ್ತ ಪಶುವೈದ್ಯ

ದೂರದಿಂದ ಓದಿ ರೋಗ ನಿರ್ಧರಿಸುವುದು ಸರಿಯಲ್ಲ. ಆದರೆ ತೋಟದಮನೆಯವರು ಕೊಟ್ಟಿರುವ ವಿವರ ಎಷ್ಟು ನಿಖರವಾಗಿದೆಯೆಂದರೆ, ನನ್ನೆದುರಿಗೆ ಈ ಬೆಕ್ಕು ಬಂದಿದ್ದರೆ ನಾನು ಮೊದಲು ಶಂಕಿಸುತ್ತಿದ್ದದ್ದು ಕಣ್ಣನ್ನಲ್ಲ, ರಕ್ತದ ಒತ್ತಡವನ್ನು. ಸಾಗರದವರು ಹೇಳಿರುವುದು ಸರಿಯಾಗಿದೆ.

ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಬಹಳ ಸಾಮಾನ್ಯ, ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದೂ ಅಪರೂಪವಲ್ಲ. ಈ ಎರಡರ ಜೊತೆಗೂ ರಕ್ತದ ಒತ್ತಡ ಏರಬಹುದು. ಏರಿದ ಒತ್ತಡಕ್ಕೆ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳು ಸೋರಲಾರಂಭಿಸುತ್ತವೆ. ಸೋರಿದ ದ್ರವ ಅಕ್ಷಿಪಟಲದ ಹಿಂದೆ ಸೇರಿಕೊಂಡಾಗ, ಮಳೆಗಾಲದಲ್ಲಿ ಗೋಡೆಯ ಸುಣ್ಣದ ಪದರ ತೇವಕ್ಕೆ ಉಬ್ಬಿ ಎದ್ದು ಬರುವಂತೆ, ಆ ಪಟಲವೂ ತನ್ನ ಜಾಗದಿಂದ ಎದ್ದುಬಿಡುತ್ತದೆ. ಬೆಳಕಿನ ಸುದ್ದಿ ಮಿದುಳಿಗೆ ಮುಟ್ಟದ್ದರಿಂದ ಪಾಪೆ ಮುಚ್ಚಿಕೊಳ್ಳುವುದಿಲ್ಲ. ನಾಳವೊಡೆದರೆ ರಕ್ತ ಕಣ್ಣಿನೊಳಗೆ ಜಿನುಗಿ, ಭಾರಕ್ಕೆ ತಳದಲ್ಲಿ ನಿಲ್ಲುತ್ತದೆ. ನೀವು ಕಂಡ ಕುಂಕುಮದ ನೀರು ಬಹುಶಃ ಅದೇ. ಇದರಲ್ಲಿ ಮೇಲಿನಿಂದ ನೋವು ಕಾಣುವುದಿಲ್ಲ, ಆದ್ದರಿಂದಲೇ ಮನೆಯವರಿಗೆ ತಡವಾಗಿ ತಿಳಿಯುತ್ತದೆ. ನೀವು ಕೊನೆಯಲ್ಲಿ ಸಂಬಂಧವಿದೆಯೋ ಇಲ್ಲವೋ ಎಂದು ಸೇರಿಸಿದ ನೀರಿನ ಮಾತೇ ನಿಮ್ಮ ಪತ್ರದ ಮುಖ್ಯ ಮಾತು: ಹೆಚ್ಚು ನೀರು ಕುಡಿಯುತ್ತ ಸೊರಗುವ ಮುದಿ ಬೆಕ್ಕಿನ ಮೂತ್ರಪಿಂಡವನ್ನು ಪರೀಕ್ಷಿಸಲೇಬೇಕು.

ಬೋರ್ಡೋ ದ್ರಾವಣ ಸಿಡಿದಿದ್ದರೆ ಚಿತ್ರ ಬೇರೆಯಿರುತ್ತಿತ್ತು. ಸುಣ್ಣ ತಾಗಿದ ಕಣ್ಣು ಕೆಂಪಾಗಿ, ನೀರು ಸುರಿಸಿ, ಬೆಕ್ಕು ಅದನ್ನು ಬಿಗಿಯಾಗಿ ಮುಚ್ಚಿಕೊಂಡು ಮುಂಗಾಲಿನಿಂದ ಉಜ್ಜುತ್ತಿತ್ತು. ಎರಡೂ ಕಣ್ಣಿನ ಪಾಪೆ ಸದ್ದಿಲ್ಲದೆ ಹಿಗ್ಗಿ ನಿಲ್ಲುವುದು ಅದರಿಂದ ಆಗುವಂಥದ್ದಲ್ಲ. ಪೊರೆಯ ವಿಚಾರಕ್ಕೆ ಬಂದರೆ, ಮುದಿ ಬೆಕ್ಕಿನ ಕಣ್ಣಿನ ಮಸೂರ ವಯಸ್ಸಿಗೆ ಗಟ್ಟಿಯಾಗಿ ಹೊಗೆ ಕವಿದಂತೆ ತಿಳಿನೀಲಿಯಾಗುವುದನ್ನು ಜನ ಪೊರೆಯೆಂದೇ ತಿಳಿಯುತ್ತಾರೆ. ಅದರಿಂದ ದೃಷ್ಟಿ ಹೆಚ್ಚೇನೂ ಕೆಡುವುದಿಲ್ಲ. ನಿಜವಾದ ಪೊರೆ ಬೆಕ್ಕುಗಳಲ್ಲಿ ನಾಯಿಗಳಲ್ಲಿರುವಷ್ಟು ಸಾಮಾನ್ಯವಲ್ಲ, ಬಂದರೂ ಬಹುಪಾಲು ಕಣ್ಣಿನೊಳಗಿನ ಹಳೆಯ ಉರಿಯೂತದ ಬೆನ್ನಿಗೆ ಬರುತ್ತದೆ, ಮತ್ತು ಒಂದೇ ರಾತ್ರಿಯಲ್ಲಿ ಬರುವುದಿಲ್ಲ.

ಫ್ರಿಜ್ಜಿನ ಸೀಸೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಆಪರೇಷನ್ನಿನ ನಂತರ ಮನುಷ್ಯರಿಗೆ ಕೊಡುವ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟಿರಾಯ್ಡ್ ಇರುತ್ತದೆ. ಬೆಕ್ಕುಗಳಲ್ಲಿ ಹರ್ಪಿಸ್ ವೈರಸ್ಸಿನ ಸೋಂಕು ವ್ಯಾಪಕ. ಮರಿಯಿದ್ದಾಗ ನೆಗಡಿಯಾಗಿ ಬಂದ ಆ ವೈರಸ್ಸು ಜೀವನಪೂರ್ತಿ ನರದಲ್ಲಿ ಅಡಗಿದ್ದು, ಮೈ ಸೋತಾಗ ಎದ್ದು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಹುಣ್ಣು ಮಾಡಬಲ್ಲದು. ಹುಣ್ಣಿರುವ ಕಣ್ಣಿಗೆ ಸ್ಟಿರಾಯ್ಡ್ ಬಿದ್ದರೆ ಹುಣ್ಣು ಆಳವಾಗಿ ಕಣ್ಣೇ ತೂತಾದೀತು. ಹುಣ್ಣು ಇದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಬರಿಗಣ್ಣಿಗೆ ಕಾಣುವುದಿಲ್ಲ. ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ತಾಗಿಸಿ ನೀಲಿ ಬೆಳಕು ಬಿಟ್ಟಾಗ ಹುಣ್ಣಿನ ಜಾಗ ಹಸಿರಾಗಿ ಹೊಳೆಯುತ್ತದೆ, ಆಗ ಖಚಿತವಾಗಿ ತಿಳಿಯುತ್ತದೆ. ನಂದಿಬಟ್ಟಲ ಹೂವನ್ನು ಮುಡಿಯಲಿಕ್ಕೂ ಪೂಜೆಗೂ ಇಟ್ಟುಕೊಳ್ಳಿ. ಅದರ ತೊಟ್ಟಿನ ಹಾಲುಸೊನೆ ಕಣ್ಣಿಗೆ ಉರಿ, ರಾತ್ರಿಯಿಡೀ ನೆನೆಸಿಟ್ಟ ನೀರಿನಲ್ಲಿ ರೋಗಾಣು ಬೆಳೆಯುತ್ತದೆ, ಕಣ್ಣಿನ ಹಿಂಭಾಗದ ಕಾಯಿಲೆಗೆ ಅದು ತಲುಪುವುದೂ ಇಲ್ಲ. ಇನ್ನೊಂದು ಮಾತು, ನೋವಿರಬಹುದೆಂದು ಯಾರಾದರೂ ಪ್ಯಾರಾಸಿಟಮಾಲ್ ಕೊಡಲು ಹೇಳಿದರೆ ಕೇಳಬೇಡಿ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿಯಿಲ್ಲ, ಒಂದೇ ಮಾತ್ರೆ ಜೀವ ತೆಗೆಯಬಹುದು.

ಕೊಪ್ಪದವರ ಪ್ರಶ್ನೆ ನ್ಯಾಯವಾದದ್ದೇ. ಪ್ರಯಾಣ ಬೆಕ್ಕಿಗೆ ಹಿಂಸೆಯೇ ಹೌದು. ಆದರೆ ಈ ಒತ್ತಡ ಕೆಡಿಸುವುದು ಕಣ್ಣನ್ನು ಮಾತ್ರವಲ್ಲ, ಮಿದುಳು, ಹೃದಯ, ಮೂತ್ರಪಿಂಡ ಎಲ್ಲವನ್ನೂ. ಕಳಚಿದ ಅಕ್ಷಿಪಟಲಕ್ಕೆ ಬೇಗ ಚಿಕಿತ್ಸೆ ಸಿಕ್ಕಿದರೆ ಅದು ಮತ್ತೆ ಅಂಟಿಕೊಂಡು ಸ್ವಲ್ಪವಾದರೂ ದೃಷ್ಟಿ ಮರಳುವ ಸಾಧ್ಯತೆಯಿದೆ. ವಾರಗಟ್ಟಲೆ ಹಾಗೆಯೇ ಉಳಿದರೆ ಪಟಲದ ಜೀವಕೋಶಗಳೇ ಸತ್ತುಹೋಗುತ್ತವೆ. ಒಂದು ದಿನದ ಹಿಂಸೆಗೆ ಅಷ್ಟು ಬೆಲೆಯಿದೆ.

ಹೊರಡುವ ಮುನ್ನ ಫೋನು ಮಾಡಿ, ಸಣ್ಣ ಪ್ರಾಣಿಗಳ ಬಿಪಿ ನೋಡುವ ಉಪಕರಣ ಇದೆಯೇ ಎಂದು ಕೇಳಿಕೊಳ್ಳಿ. ನಮ್ಮ ತಾಲ್ಲೂಕು ಆಸ್ಪತ್ರೆಗಳ ವ್ಯವಸ್ಥೆಯೆಲ್ಲ ಹಸು, ಎಮ್ಮೆಗಳನ್ನು ನೋಡಿಕೊಂಡು ಆದದ್ದು, ಅದು ಅವರ ತಪ್ಪಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಂದಲೇ ವಿಚಾರಣೆ ಆರಂಭಿಸಬಹುದು. ಬಿಪಿ ಅಳೆಯುವ ಮುನ್ನ ಬೆಕ್ಕನ್ನು ಸದ್ದಿಲ್ಲದ ಕೋಣೆಯಲ್ಲಿ ಐದು ಹತ್ತು ನಿಮಿಷ ಬಿಡಬೇಕು, ಮೊದಲ ಅಳತೆಯನ್ನು ಬಿಟ್ಟು ನಂತರದ ಹಲವು ಅಳತೆಗಳ ಸರಾಸರಿ ತೆಗೆಯಬೇಕು. ಏಕೆಂದರೆ ಹೆದರಿದ ಬೆಕ್ಕಿನ ಒತ್ತಡ ಹೆದರಿಕೆಗೇ ಏರಿರುತ್ತದೆ. ಮೇಲಿನ ಒತ್ತಡ 160 ದಾಟಿದರೆ ಅಪಾಯದ ವಲಯ, 180 ಮತ್ತು ಅದಕ್ಕಿಂತ ಮೇಲಾದರೆ ಕಣ್ಣು, ಮಿದುಳುಗಳಿಗೆ ಹಾನಿಯಾಗುವ ಸಂಭವ ಬಹಳ ಹೆಚ್ಚು. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ಏರುವ ಅಂಶ), ಸಾಧ್ಯವಾದರೆ ಥೈರಾಯ್ಡ್, ಹಾಗೂ ಮೂತ್ರದ ಸಾಂದ್ರತೆ, ಇಷ್ಟನ್ನು ಕೇಳಿ ಮಾಡಿಸಿ.

ಮನೆಯಲ್ಲಿ ದೃಷ್ಟಿ ಪರೀಕ್ಷಿಸುವುದಾದರೆ ಕೈ ಬೀಸಬೇಡಿ. ಬೀಸಿದ ಗಾಳಿ ಮೀಸೆಗೆ ತಾಗಿಯೇ ಬೆಕ್ಕು ಕಣ್ಣು ಮಿಟುಕಿಸುತ್ತದೆ, ಕಾಣುತ್ತದೆಂದು ನೀವು ಮೋಸಹೋಗುತ್ತೀರಿ. ಹತ್ತಿಯ ಉಂಡೆಯನ್ನು ಅದರ ಮುಖದ ಎದುರಿನಲ್ಲಿ ಬೀಳಿಸಿ, ಅದಕ್ಕೆ ಸದ್ದಿಲ್ಲ, ವಾಸನೆಯಿಲ್ಲ. ಕಣ್ಣು ಹಿಂಬಾಲಿಸಿದರೆ ಕಾಣುತ್ತದೆ.

ಮೊಸರನ್ನದ ಬೆಕ್ಕು (ಶೃಂಗೇರಿ ಕಡೆ)

ಇದೇ ವಿಷಯದಲ್ಲಿ ಒಂದು ಉಪಪ್ರಶ್ನೆ ಕೇಳಬಹುದೇ? ನಮ್ಮದು ಸಸ್ಯಾಹಾರಿಗಳ ಮನೆ. ಬೆಕ್ಕಿಗೆ 12 ವರ್ಷ, ಹುಟ್ಟಿದಾಗಿನಿಂದ ಹಾಲನ್ನ, ಮೊಸರನ್ನ. ಅದಕ್ಕೂ ಒಂದು ವರ್ಷದಿಂದ ಸಂಜೆಯ ನಂತರ ದಾರಿ ಸರಿಯಾಗಿ ಕಾಣುವಂತಿಲ್ಲ, ಹಗಲಿನಲ್ಲಿ ತೊಂದರೆಯಿಲ್ಲ. ರಕ್ತ, ಬಿಪಿ ಎರಡನ್ನೂ ನೋಡಿಸಿದ್ದೇವೆ, ಸರಿಯಿದೆಯಂತೆ. ಇಷ್ಟು ವರ್ಷ ಇಲ್ಲದ್ದು ಊಟದಿಂದ ಈಗ ಬರಲು ಸಾಧ್ಯವೇ?

ನಿವೃತ್ತ ಪಶುವೈದ್ಯ

ಸಾಧ್ಯವಿದೆ, ಮತ್ತು ಇದು ನಮ್ಮ ಮಲೆನಾಡಿನ ಮನೆಗಳಲ್ಲಿ ಯಾರೂ ಯೋಚಿಸದ ಸಂಗತಿ. ಟಾರಿನ್ ಎಂಬ ವಸ್ತುವನ್ನು ನಾಯಿ, ಮನುಷ್ಯರ ದೇಹ ತಕ್ಕಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಲು ಬರುವುದಿಲ್ಲ. ಅದು ಮಾಂಸ, ಮೀನುಗಳಿಂದಲೇ ಬರಬೇಕು. ಅನ್ನದಲ್ಲಿ ಇಲ್ಲ, ಹಾಲು ಮೊಸರಿನಲ್ಲಿ ಬೆಕ್ಕಿಗೆ ಬೇಕಾಗುವಷ್ಟಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಸವೆಯುತ್ತದೆ ಎಂಬುದು 1975 ರಲ್ಲಿಯೇ ಪ್ರಕಟವಾದ ಸಂಗತಿ. ಹೃದಯದ ಸ್ನಾಯು ಸಡಿಲವಾಗುವುದಕ್ಕೂ ಅದೇ ಕಾರಣವೆಂದು 1987 ರಲ್ಲಿ ತಿಳಿಯಿತು.

ಹಾಗಾದರೆ ಮೊಸರನ್ನ ತಿಂದ ನಮ್ಮ ಬೆಕ್ಕುಗಳು ಇಷ್ಟು ಕಾಲ ಹೇಗೆ ಬಾಳಿದವು ಎಂದು ಕೇಳುತ್ತೀರಿ. ಅವು ಬಾಳಿದ್ದು ಮೊಸರನ್ನದಿಂದಲ್ಲ, ಇಲಿಯಿಂದ. ಮನೆಯೊಳಗೆ ಶಾಸ್ತ್ರಕ್ಕೆ ಮೊಸರನ್ನ ತಿಂದು, ರಾತ್ರಿ ಅಡಿಕೆ ಅಟ್ಟದಲ್ಲಿ ತಮಗೆ ಬೇಕಾದದ್ದನ್ನು ತಿನ್ನುತ್ತಿದ್ದವು. ನಿಮ್ಮ ಬೆಕ್ಕು ಇಲಿ ಹಿಡಿಯುವುದನ್ನು ಯಾವಾಗ ಬಿಟ್ಟಿತು ಎಂದು ನೆನಪು ಮಾಡಿಕೊಳ್ಳಿ. ಹಲ್ಲು ಬಿದ್ದು, ಕಾಲು ಸೋತು ಬೇಟೆ ನಿಂತ ಮೇಲೆ ಉಳಿಯುವುದು ಬಟ್ಟಲಿನದ್ದು ಮಾತ್ರ. ಕೊರತೆ ತಿಂಗಳುಗಟ್ಟಲೆ ಕೂಡಿಕೊಂಡು ಬರುತ್ತದೆ. ಆದ ಹಾನಿ ಮರಳುವುದಿಲ್ಲ, ಆದರೆ ಮುಂದೆ ಆಗುವುದನ್ನು ತಡೆಯಬಹುದು. ಮನೆಯಲ್ಲಿ ಮೀನು ಬೇಯಿಸಲು ಮನಸ್ಸಿಲ್ಲದಿದ್ದರೆ ಬೆಕ್ಕಿಗೆಂದೇ ತಯಾರಿಸಿದ ಆಹಾರ ತನ್ನಿ, ನಾಯಿಯ ಆಹಾರ ಬೇಡ. ಬೇಯಿಸುವವರು ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ನೀರಿಗೆ ಇಳಿದುಹೋಗಿರುತ್ತದೆ.

ಕಣ್ಣಿನ ಒಳಭಾಗವನ್ನು ಒಮ್ಮೆ ನೋಡಿಸಿ. ಸೋಂಕಿಗೆಂದು ಹಿಂದೆ ಎನ್ರೋಫ್ಲಾಕ್ಸಾಸಿನ್ ಚುಚ್ಚುಮದ್ದು ಕೊಡಿಸಿದ್ದರೆ ಅದನ್ನೂ ಹೇಳಿ. ದನಗಳಿಗೆ ನಾವು ಧಾರಾಳವಾಗಿ ಬಳಸುವ ಆ ಔಷಧಿ, ಪ್ರಮಾಣ ಮೀರಿದರೆ ಬೆಕ್ಕಿನ ಅಕ್ಷಿಪಟಲವನ್ನು ಸುಡುತ್ತದೆ.

ತೋಟದಮನೆ

19 ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಇಲ್ಲಿಯ ಉತ್ತರಗಳನ್ನು ಓದಿದ ಮರುದಿನವೇ ಬೆಳ್ಳಿಯನ್ನು ಅಡಿಕೆ ಹೊರುವ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಕೂರಿಸಿ, ಮೇಲೊಂದು ಬುಟ್ಟಿ ಕವುಚಿ ಕಟ್ಟಿ, ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಮಂಡಗದ್ದೆಯವರೆಗೆ ಒಂದೇ ಸಮನೆ ಕೂಗಿತು, ಸಕ್ರೆಬೈಲು ದಾಟುವಾಗ ಸುಮ್ಮನಾದದ್ದನ್ನು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು. ಬುಟ್ಟಿಯ ಸಂದಿನಲ್ಲಿ ಬೆರಳು ಇಟ್ಟರೆ ನೆಕ್ಕಿತು.

ಬಾಲದ ಬುಡಕ್ಕೆ ಪಟ್ಟಿ ಸುತ್ತಿ ಆರು ಸಲ ಅಳೆದರು, ಸರಾಸರಿ 212 ಬಂತು. ಕ್ರಿಯಾಟಿನಿನ್ 3.1 ಇತ್ತು. ದೀಪ ಆರಿಸಿ, ಕನ್ನಡಕದಂಥ ಮಸೂರ ಹಿಡಿದು ನೋಡಿದ ಡಾಕ್ಟರು ನನ್ನನ್ನೂ ಕರೆದು ತೋರಿಸಿದರು. ಬಲಗಣ್ಣಿನ ಒಳಗೆ ಬೂದುಬಣ್ಣದ ತೆಳು ಪರದೆಯೊಂದು ಗಾಳಿಗೆ ಅಲುಗುವಂತೆ ಮಡಿಕೆ ಬಿದ್ದು ತೇಲುತ್ತಿತ್ತು. ಎಡಗಣ್ಣಿನಲ್ಲಿ ರಕ್ತ ಅಡ್ಡ ಬಂದದ್ದರಿಂದ ಏನೂ ಕಾಣಲಿಲ್ಲ.

ಅಮ್ಲೋಡಿಪಿನ್ ಮಾತ್ರೆ ಬರೆದುಕೊಟ್ಟಿದ್ದಾರೆ, ಮಾವನವರು ತಮ್ಮ ಬಿಪಿಗೆ ನುಂಗುವ ಮಾತ್ರೆಯೇ. ಬೆಳ್ಳಿಯ ತೂಕ 2.9 ಕಿಲೋ ಇರುವುದರಿಂದ 2.5 ಮಿಲಿಗ್ರಾಮಿನ ಮಾತ್ರೆಯಲ್ಲಿ ಕಾಲುಭಾಗ ದಿನಕ್ಕೊಮ್ಮೆ. ಆ ಪುಟ್ಟ ಮಾತ್ರೆಯನ್ನು ನಾಲ್ಕು ಮಾಡುವುದು ಸುಲಭವಲ್ಲ. ಮೊದಲ ಮೂರು ದಿನ ಅಡಿಕೆ ಸುಲಿಯುವ ಕತ್ತಿಯಲ್ಲಿ ಪುಡಿಪುಡಿಯಾಯಿತು, ಈಗ ಹೊಸ ಬ್ಲೇಡಿನಲ್ಲಿ ಕತ್ತರಿಸಿ, ಚೂರನ್ನು ಗಟ್ಟಿ ತುಪ್ಪದಲ್ಲಿ ಅದ್ದಿ, ಹಿಂದಿನಿಂದ ದವಡೆ ಹಿಡಿದು ನಾಲಿಗೆಯ ಬುಡಕ್ಕೆ ಜಾರಿಸುತ್ತೇನೆ. ಎದುರಿಗೆ ಕೂತು ಕೊಡಲು ಹೋದರೆ ಉಗಿಯುತ್ತದೆ.

ಒಂಬತ್ತನೆಯ ದಿನ ಮತ್ತೆ ತೋರಿಸಿದಾಗ ಒತ್ತಡ 156 ಕ್ಕೆ ಇಳಿದಿತ್ತು. ಬಲಗಣ್ಣಿನ ಪರದೆ ಬಹುಮಟ್ಟಿಗೆ ತನ್ನ ಜಾಗಕ್ಕೆ ಕೂತಿದೆಯಂತೆ. ಎಡಗಣ್ಣಿನ ರಕ್ತ ಕರಗುತ್ತಿದೆ, ಆದರೆ ಅದರಲ್ಲಿ ದೃಷ್ಟಿ ಬರುವ ಭರವಸೆಯಿಲ್ಲ, ಮುಂದೆ ಆ ಕಣ್ಣಿನೊಳಗಿನ ಒತ್ತಡ ಏರದಂತೆ ನೋಡಿಕೊಳ್ಳಬೇಕು ಎಂದಿದ್ದಾರೆ. ಮೂತ್ರಪಿಂಡಕ್ಕೆ ಔಷಧಿಗಿಂತ ನೀರು ಮತ್ತು ಆಹಾರದ ಜಾಗ್ರತೆಯೇ ಹೆಚ್ಚು. ಉಪ್ಪುಮೀನಿನ ತಲೆ ಹಾಕುವುದನ್ನು ನಿಲ್ಲಿಸಿದ್ದೇವೆ, ಇದಕ್ಕೆ ಬೆಳ್ಳಿಗಿಂತ ಹೆಚ್ಚು ಬೇಸರವಾಗಿರುವುದು ದಿನವೂ ಹಾಕುತ್ತಿದ್ದ ನಮ್ಮ ಅತ್ತೆಯವರಿಗೆ.

ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡಿದ್ದೇವೆ. ಬಾವಿಕಟ್ಟೆಗೆ ಜಾಲರಿ ಮುಚ್ಚಿದ್ದೇವೆ, ಬಚ್ಚಲೊಲೆಯ ಬಾಯಿಗೆ ರಾತ್ರಿ ಹಲಗೆ ಅಡ್ಡ ಇಡುತ್ತೇವೆ, ಬಟ್ಟಲನ್ನೂ ಮಣೆಯನ್ನೂ ಯಾರೂ ಜಾಗ ಬದಲಿಸುವುದಿಲ್ಲ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯುತ್ತೇವೆ, ಇಲ್ಲವಾದರೆ ಬೆಚ್ಚಿಬೀಳುತ್ತದೆ. ಅಟ್ಟದ ಏಣಿಯನ್ನು ತೆಗೆದಿಟ್ಟಿದ್ದೇವೆ, ಆದರೂ ಅದು ಏಣಿಯಿದ್ದ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ಮೇಲೆ ಮುಖ ಮಾಡಿ ನಿಂತು ಬರುತ್ತದೆ.

ಹತ್ತಿಯ ಉಂಡೆಯನ್ನು ನಾಲ್ಕು ದಿನ ಬೀಳಿಸಿ ನೋಡಿದೆ, ತಿರುಗಿಯೂ ನೋಡಲಿಲ್ಲ. ನಿನ್ನೆ ಸಂಜೆ ಮಳೆ ನಿಂತ ಮೇಲೆ ಜಗುಲಿಯ ದೀಪಕ್ಕೆ ಬಂದ ಹಾತೆಯೊಂದನ್ನು ಅದು ಬಲಗಡೆಗೆ ಕತ್ತು ಓರೆ ಮಾಡಿ ಹಿಂಬಾಲಿಸಿತು, ಮುಂಗಾಲು ಎತ್ತಿ ಬೀಸಿತು, ಹಾತೆ ತಪ್ಪಿಸಿಕೊಂಡಿತು.